ಸೈಡ್ ಬ್ರಷ್ ನಿಂತರೆ ಅದರ ಬುಡ ನೋಡಿ

ತಾನೇ ಓಡಾಡಿ ನೆಲ ಗುಡಿಸುವ ರೋಬೋ ವ್ಯಾಕ್ಯೂಮ್ 'ಸೈಡ್ ಬ್ರಷ್ (ಅಂಚಿನ ಕಸ ಒಳಗೆ ತಳ್ಳುವ ಬ್ರಷ್) ಸಿಕ್ಕಿಕೊಂಡಿದೆ' ಎಂದು ಹೇಳಿ ನಿಂತರೆ ಹೊಸ ಬ್ರಷ್ ತರಿಸಲು ಅವಸರ ಬೇಡ. ಅಡ್ಡಿ ಹೆಚ್ಚಾಗಿ ಇರುವುದು ಬ್ರಷ್ಷಿನ ಕೆಳಗೆ, ಅದನ್ನು ತಿರುಗಿಸುವ ಕಡ್ಡಿಯ, ಅಂದರೆ ಶಾಫ್ಟಿನ ಬುಡದಲ್ಲಿ. ಅಲ್ಲಿ ಬಿಗಿಯಾದಾಗ ಮೋಟಾರು ಎಳೆಯುವ ಕರೆಂಟ್ ಏರುತ್ತದೆ. ಮೋಟಾರು ಸುಡಬಾರದೆಂದು ಒಳಗಿನ ಸರ್ಕ್ಯೂಟ್ ಬೋರ್ಡೇ ಅದನ್ನು ನಿಲ್ಲಿಸುತ್ತದೆ.

ಸ್ವಿಚ್ ಆಫ್ ಮಾಡಿ, ಬಟ್ಟೆಯ ಮೇಲೆ ಬೋರಲು ಹಾಕಿ. ಕೆಲವು ಬ್ರಷ್‌ಗಳು ಎಳೆದರೆ ಬರುತ್ತವೆ, ಉಳಿದವಕ್ಕೆ ನಡುವೆ ಒಂದೇ ಸ್ಕ್ರೂ. ಕಾರವಾರ, ಅಂಕೋಲಾದ ಉಪ್ಪುಗಾಳಿಗೆ ಅದು ತುಕ್ಕು ಹಿಡಿದಿರಬಹುದು. ತಲೆಗೆ ಸರಿಯಾಗಿ ಕೂರುವ ಸ್ಟಾರ್ ಸ್ಕ್ರೂಡ್ರೈವರ್ ಇಟ್ಟು, ಒತ್ತಿ ಹಿಡಿದೇ ತಿರುಗಿಸಿ. ತಲೆ ಸವೆದಿದ್ದರೆ ನಡುವೆ ರಬ್ಬರ್ ಬ್ಯಾಂಡಿನ ತುಂಡು ಇಟ್ಟು ನೋಡಿ. ಬ್ರಷ್ಷನ್ನು ನೇರ ಮೇಲಕ್ಕೆ ಎತ್ತಿ, ಓರೆ ಎಳೆದರೆ ಕೂರುವ ಜಾಗ ಸೀಳುತ್ತದೆ.

ಬುಡದಲ್ಲಿ ಉಂಗುರದ ಹಾಗೆ ಬಿಗಿದ ಕೂದಲು ಕಾಣುತ್ತದೆ, ಜೊತೆಗೆ ಕಾಲೊರಸಿನ ತೆಂಗಿನ ನಾರು. ಚಿಮುಟದಿಂದ ಎಳೆಯುತ್ತಾ ಕೂರಬೇಡಿ. ಸಣ್ಣ ಬ್ಲೇಡಿನಿಂದ ಒಂದು ಕಡೆ ಕೊಯ್ದರೆ ಇಡೀ ಉಂಗುರ ಬಿಚ್ಚಿಕೊಳ್ಳುತ್ತದೆ.

ಈಗ ಬ್ರಷ್ ಇಲ್ಲದೆಯೇ ಒಂದು ನಿಮಿಷ ಓಡಿಸಿ, ಅಂಚನ್ನು ಸ್ವಲ್ಪ ಎತ್ತಿ ನೋಡಿ. ಶಾಫ್ಟ್ ಒಂದೇ ಸಮ ತಿರುಗಿದರೆ ಕೆಲಸ ಮುಗಿದಂತೆ. ಕರಕರ ಸದ್ದು ಬಂದರೆ, ತಡೆತಡೆದು ತಿರುಗಿದರೆ ಗೇರಿಗೆ ಹೊಯ್ಗೆ ಹೋಗಿದೆ ಎಂದೇ ಅನುಮಾನಿಸಬೇಕು. ಕಡಲ ದಂಡೆಯಿಂದ ಕಾಲಿಗೆ ಅಂಟಿ ಬರುವ ನಸು ಹೊಯ್ಗೆ ಕೂದಲಿನಂತೆ ಮೇಲೇ ಉಳಿಯುವುದಿಲ್ಲ, ಒಳಗಿಳಿದು ಪ್ಲಾಸ್ಟಿಕ್ ಹಲ್ಲುಗಳನ್ನು ಅರೆಯುತ್ತದೆ.

ವಾರಂಟಿ ಇದ್ದರೆ ಇಲ್ಲಿಗೇ ನಿಲ್ಲಿಸಿ. ಇಲ್ಲದಿದ್ದರೆ ಆ ಬ್ರಷ್ಷಿನ ಮೋಟಾರು, ಗೇರುಗಳಿರುವ ಪೆಟ್ಟಿಗೆಯನ್ನು ಹೊರತೆಗೆದು ಮುಚ್ಚಳ ಬಿಚ್ಚಿ, ಗೇರುಗಳು ಕೂತ ಕ್ರಮದ ಫೋಟೋ ತೆಗೆದಿಟ್ಟುಕೊಳ್ಳಿ. ಒಣ ಪೇಂಟ್ ಬ್ರಷ್ಷಿನಿಂದ ಹೊಯ್ಗೆ ಮತ್ತು ಹಳೆಯ ಗ್ರೀಸ್ ತೆಗೆಯಿರಿ. ನೀರು ತಾಗಿಸಬೇಡಿ. ಪ್ಲಾಸ್ಟಿಕ್ಕಿಗೆ ಒಗ್ಗುವ ಸಿಲಿಕೋನ್ ಗ್ರೀಸ್ ಅಕ್ಕಿಕಾಳಿನಷ್ಟು ಸಾಕು. ಕೈಗೆ ಸಿಕ್ಕಿತೆಂದು ತೆಂಗಿನೆಣ್ಣೆ ಬಿಡುವವರಿದ್ದಾರೆ, ಅದಂತೂ ಬೇಡವೇ ಬೇಡ. ಧೂಳನ್ನು ಹಿಡಿದು ಕೆಸರಾಗುತ್ತದೆ. ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುವ ಎಣ್ಣೆ ಅದು. ಶಿರಸಿಯ ಚಳಿಗಾಲದ ಬೆಳಗ್ಗೆ ಗೇರು ಅದರಲ್ಲೇ ಹೂತು ಕೂರುತ್ತದೆ.

ಮೋಟಾರಿಗೆ ಕರೆಂಟ್ ಕೊಡುವ ಲೋಹದ ಪಟ್ಟಿಗಳ ಮೇಲೆ ಹಸಿರು ಕಿಲುಬು ಇದ್ದರೆ ಪೆನ್ಸಿಲ್ ರಬ್ಬರಿನಿಂದ ಹಗುರಾಗಿ ಉಜ್ಜಿ. ಇಷ್ಟಾದರೂ ತಿರುಗದಿದ್ದರೆ ಅಥವಾ ಗೇರಿನ ಹಲ್ಲು ಸವೆದಿದ್ದರೆ ಪೆಟ್ಟಿಗೆಯನ್ನೇ ಬದಲಿಸಿ. ಅದೇ ಮಾಡೆಲ್ಲಿನದು ಬೇಕು. ಎರಡು ಬ್ರಷ್ ಇರುವ ಯಂತ್ರವಾದರೆ ಎಡದ್ದೋ ಬಲದ್ದೋ ಎಂದೂ ಹೇಳಿ ತರಿಸಿ.

ಸೊಟ್ಟಗಾದ ಬ್ರಷ್ ಎಳೆಗಳನ್ನು ಬಿಸಿನೀರಿನಲ್ಲಿ ಕೆಲವು ಸೆಕೆಂಡು ಅದ್ದಿ, ಬೆರಳಿನಿಂದ ನೇರ ಹಿಡಿದರೆ ಸರಿಹೋಗುತ್ತವೆ. ಪೂರ್ತಿ ಒಣಗಿದ ಮೇಲೆ ಕೂರಿಸಿ. ಸ್ಕ್ರೂ ಬಿಗಿಯಾಯಿತು ಎನಿಸಿದಲ್ಲೇ ಕೈ ಬಿಡಿ, ಇನ್ನೂ ಅರ್ಧ ಸುತ್ತು ಹಾಕಿದರೆ ಒಳಗೆ ಸ್ಕ್ರೂ ಕಚ್ಚುವ ಮರೆ ಸವೆದು ಹೋಗುತ್ತದೆ.