ಶನಿವಾರ ಮೈದಾನ, ಸೋಮವಾರ ಗಣಿ

ಪ್ರಶ್ನೆ: 1940ರ ದಶಕದಲ್ಲಿ ಸ್ಕಾಟ್ಲೆಂಡ್‌ನ ಸಣ್ಣ ಕ್ಲಬ್‌ಗಳಿಗೆ ಆಡುತ್ತಿದ್ದವರಿಗೆ ಫುಟ್‌ಬಾಲ್‌ನಿಂದಲೇ ಹೊಟ್ಟೆ ತುಂಬುತ್ತಿತ್ತೇ?

ಇಲ್ಲ. ಅವರಲ್ಲಿ ಹೆಚ್ಚಿನವರಿಗೆ ಫುಟ್‌ಬಾಲ್ ಎರಡನೆಯ ಕೂಲಿ. ವಾರವಿಡೀ ಗಣಿಯಲ್ಲೋ ಉಕ್ಕಿನ ಕಾರ್ಖಾನೆಯಲ್ಲೋ ದುಡಿತ, ಒಂದೆರಡು ಸಂಜೆ ಅಭ್ಯಾಸ, ಶನಿವಾರ ಪಂದ್ಯ.

ಜಾಕ್ ಸ್ಟೀನ್ ಅವರನ್ನೇ ನೋಡಿ. 1967ರಲ್ಲಿ ಲಿಸ್ಬನ್‌ನಲ್ಲಿ ಇಂಟರ್ ಮಿಲಾನ್ ತಂಡವನ್ನು 2–1ರಿಂದ ಸೋಲಿಸಿ ಯುರೋಪಿಯನ್ ಕಪ್ ಗೆದ್ದ ಗ್ಲಾಸ್ಗೋದ ಸೆಲ್ಟಿಕ್ ಕ್ಲಬ್‌ನ ಮ್ಯಾನೇಜರ್ ಎಂದು ಎಲ್ಲರಿಗೂ ಅವರು ಗೊತ್ತು. ಅವರು ಆಟಗಾರರಾಗಿದ್ದ ಕಾಲವನ್ನು ನೆನೆಯುವವರು ಕಡಿಮೆ. ನನಗೆ ಹೆಚ್ಚು ಹಿಡಿಸುವುದು ಅದೇ.

ಹುಟ್ಟಿದ್ದು 1922ರಲ್ಲಿ, ಲ್ಯಾನಾರ್ಕ್‌ಷೈರ್‌ನ ಕಲ್ಲಿದ್ದಲ ಸೀಮೆಯ ಬರ್ನ್‌ಬ್ಯಾಂಕ್‌ನಲ್ಲಿ. 1937ರಲ್ಲಿ ಶಾಲೆ ಬಿಟ್ಟು, ಕೆಲವು ದಿನ ರತ್ನಗಂಬಳಿ ಕಾರ್ಖಾನೆಯಲ್ಲಿದ್ದು, ಆಮೇಲೆ ಗಣಿಗಿಳಿದರು. ಮೊದಲು ಆಡಿದ್ದು ಬ್ಲಾಂಟೈರ್ ವಿಕ್ಟೋರಿಯಾ ಎಂಬ ‘ಜೂನಿಯರ್’ ತಂಡಕ್ಕೆ. ಹೆಸರು ಕೇಳಿ ಹುಡುಗರ ತಂಡ ಎಂದುಕೊಳ್ಳಬೇಡಿ. ಆಗ ಸ್ಕಾಟ್ಲೆಂಡ್‌ನಲ್ಲಿ ಜೂನಿಯರ್ ಎಂದರೆ ಸ್ಕಾಟಿಷ್ ಲೀಗ್‌ನ ಹೊರಗಿನ, ದೊಡ್ಡವರೇ ಆಡುತ್ತಿದ್ದ ಬಿರುಸಿನ ಆಟ.

1942ರ ನವೆಂಬರ್‌ನಲ್ಲಿ ಕೋಟ್‌ಬ್ರಿಜ್‌ನ ಆಲ್ಬಿಯನ್ ರೋವರ್ಸ್ ಪರವಾಗಿ ಮೊದಲ ಬಾರಿ ಆಡಿದರು. ಸೆಲ್ಟಿಕ್ ವಿರುದ್ಧದ ಆ ಪಂದ್ಯ 4–4ರಲ್ಲಿ ಮುಗಿಯಿತು. ಯುದ್ಧದ ದಿನಗಳವು. ದೇಶಕ್ಕೆ ಕಲ್ಲಿದ್ದಲು ಬೇಕಿತ್ತು, ಆದ್ದರಿಂದ ಗಣಿಯವರನ್ನು ಸೈನ್ಯಕ್ಕೆ ಕರೆಯುತ್ತಿರಲಿಲ್ಲ. ಹಾಗಾಗಿ ಸ್ಟೀನ್ ಶನಿವಾರ ತಪ್ಪದೆ ಮೈದಾನದಲ್ಲಿರುತ್ತಿದ್ದರು. ಆಡುತ್ತಿದ್ದದ್ದು ರಕ್ಷಣೆಯ ನಟ್ಟನಡುವೆ. ಎಡಗಾಲಿನ ಆಟಗಾರ, ಬಲಗಾಲಿನ ಬಗ್ಗೆ ಹೇಳುವಂಥದ್ದೇನೂ ಇರಲಿಲ್ಲ. ಬಂದ ಚೆಂಡನ್ನು ಮೊಣಕಾಲಿನಿಂದಲೇ ದೂರ ತಳ್ಳುವುದು ಅವರ ವಿಶೇಷ. ನೋಡಲು ಚೆಂದವಿರಲಿಲ್ಲ, ಕೆಲಸ ಆಗುತ್ತಿತ್ತು.

1948ರಲ್ಲಿ ರೋವರ್ಸ್ ಮೇಲಿನ ಡಿವಿಷನ್‌ಗೆ ಏರಿತು. ಮುಂದಿನ ವರ್ಷ 30 ಪಂದ್ಯಗಳಲ್ಲಿ ಗೆದ್ದದ್ದು ಮೂರು. 8 ಅಂಕ ಹಿಡಿದುಕೊಂಡು ಮತ್ತೆ ಕೆಳಗೆ. ಆಟಗಾರ ಬೇಸತ್ತರೂ ತನ್ನಿಷ್ಟಕ್ಕೆ ಇನ್ನೊಂದು ಲೀಗ್ ಕ್ಲಬ್‌ಗೆ ಹೋಗುವಂತಿರಲಿಲ್ಲ. ಒಪ್ಪಂದದ ಅವಧಿ ಮುಗಿದಿದ್ದರೂ ಅವನ ನೋಂದಣಿ ಕ್ಲಬ್‌ನ ಹಿಡಿತದಲ್ಲೇ ಉಳಿಯುತ್ತಿತ್ತು.

1950ರಲ್ಲಿ ಸ್ಟೀನ್ ಹೊರಟಿದ್ದು ವೇಲ್ಸ್‌ಗೆ, ಲೀಗ್‌ನ ಹೊರಗಿದ್ದ ಲನೆಲ್ಲಿ ಟೌನ್ ತಂಡಕ್ಕೆ. ವಾರಕ್ಕೆ 12 ಪೌಂಡ್. ಫುಟ್‌ಬಾಲ್ ಒಂದನ್ನೇ ನಂಬಿ ಬದುಕಲು ತೊಡಗಿದ್ದು ಆಗಲೇ, 27ನೆಯ ವಯಸ್ಸಿನಲ್ಲಿ. ಅದೂ ನೆಮ್ಮದಿಯ ಬದುಕಾಗಲಿಲ್ಲ: ಹ್ಯಾಮಿಲ್ಟನ್‌ನಲ್ಲಿ ಬಿಟ್ಟುಬಂದಿದ್ದ ಮನೆಗೆ ಕಳ್ಳರು ಎರಡು ಬಾರಿ ನುಗ್ಗಿದರು, ಊರಿಗೆ ಮರಳಿದರೆ ಸಾಕು ಎನಿಸಿತು.

ಅಷ್ಟರಲ್ಲಿ ಸೆಲ್ಟಿಕ್‌ನ ರಿಸರ್ವ್ ತಂಡದ, ಅಂದರೆ ಎರಡನೆಯ ಸಾಲಿನ ತಂಡದ, ತರಬೇತುದಾರ ಜಿಮ್ಮಿ ಗ್ರಿಬೆನ್‌ಗೆ ಅವರ ನೆನಪಾಯಿತು. 1951ರ ಡಿಸೆಂಬರ್‌ನಲ್ಲಿ 1,200 ಪೌಂಡ್ ಕೊಟ್ಟು ಕರೆಸಿಕೊಂಡರು. ಕರೆಸಿದ್ದು ರಿಸರ್ವ್ ತಂಡಕ್ಕೆಂದು. ಆದರೆ ಮುಖ್ಯ ತಂಡದವರು ಒಬ್ಬರ ಹಿಂದೊಬ್ಬರು ಗಾಯಗೊಂಡಾಗ ಸ್ಟೀನ್ ಒಳಬಂದರು, ಮತ್ತೆ ಜಾಗ ಬಿಡಲಿಲ್ಲ. 1954ರಲ್ಲಿ ಲೀಗ್ ಮತ್ತು ಸ್ಕಾಟಿಷ್ ಕಪ್ ಎರಡನ್ನೂ ಗೆದ್ದ ಸೆಲ್ಟಿಕ್‌ಗೆ ಅವರೇ ನಾಯಕ.

ಮರುವರ್ಷ ಕಾಲಿನ ಹರಡಿಗೆ ಪೆಟ್ಟಾಯಿತು, 1957ರಲ್ಲಿ ಆಟ ನಿಂತಿತು. ಕಾಲು ಮೊದಲಿನಂತಾಗಲಿಲ್ಲ, ಕುಂಟು ನಡಿಗೆ ಉಳಿಯಿತು. ಆದರೆ ಗಣಿಗೆ ಮರಳುವ ಪಾಳಿ ಬರಲಿಲ್ಲ; ರಿಸರ್ವ್ ತಂಡದ ಹುಡುಗರಿಗೆ ಆಟ ಕಲಿಸುವ ಕೆಲಸವನ್ನು ಸೆಲ್ಟಿಕ್ ಕೊಟ್ಟಿತು.