ಪೈಥಾನ್ ಎರರ್‌ನಲ್ಲಿ ನಾನು ಬರೆಯದ ಫೈಲಿನ ಹೆಸರು ಯಾಕೆ ಬರುತ್ತದೆ?

ಪ್ರಶ್ನೆ: ನಮ್ಮದು ಕಲಬುರಗಿ, ಗಂಜ್‌ನಲ್ಲಿ ಅಡತ್ ಅಂಗಡಿ ಇದೆ. ಬೇರೆ ಬೇರೆ ಊರಿನ ತೊಗರಿ ದರವನ್ನು ನೋಟ್‌ಪ್ಯಾಡ್‌ನಲ್ಲಿ ಕನ್ನಡದಲ್ಲೇ ಬರೆದಿಟ್ಟಿದ್ದೇನೆ. ಅದನ್ನು ಓದಿ ಸರಾಸರಿ ತೆಗೆಯಲು ಪೈಥಾನ್‌ನಲ್ಲಿ ಸಣ್ಣ ಪ್ರೋಗ್ರಾಂ ಬರೆದೆ. ರನ್ ಮಾಡಿದರೆ ಉದ್ದನೆಯ ಎರರ್ ಬರುತ್ತದೆ. ಅದರಲ್ಲಿ ನಾನು ಬರೆದೇ ಇಲ್ಲದ ಫೈಲಿನ ಹೆಸರು, 23ನೇ ಸಾಲು ಅಂತ ಬೇರೆ ಇದೆ. ನನ್ನ ಪ್ರೋಗ್ರಾಂ ಇರುವುದೇ 12 ಸಾಲು! ಪೈಥಾನ್ ಸರಿಯಾಗಿ ಇನ್‌ಸ್ಟಾಲ್ ಆಗಿಲ್ವಾ? ತೆಗೆದು ಮತ್ತೆ ಹಾಕಲಾ?

ಉತ್ತರ: ಬೇಡ, ಬೇಡ. ಪೈಥಾನ್‌ಗೆ ಏನೂ ಆಗಿಲ್ಲ. ಆ ಉದ್ದನೆಯ ಪಟ್ಟಿಗೆ ಟ್ರೇಸ್‌ಬ್ಯಾಕ್ ಎನ್ನುತ್ತಾರೆ. ಯಾರು ಯಾರನ್ನು ಕರೆದರು, ಕೊನೆಗೆ ಎಲ್ಲಿ ಕೆಲಸ ನಿಂತಿತು ಎನ್ನುವ ಲೆಕ್ಕ ಅದು. ನಿಮ್ಮ ಅಂಗಡಿಯಲ್ಲೇ ನೋಡಿ. ಮಾಲೀಕ ಗುಮಾಸ್ತನಿಗೆ ಹೇಳುತ್ತಾನೆ, ಗುಮಾಸ್ತ ಹಮಾಲನಿಗೆ ಹೇಳುತ್ತಾನೆ, ಹಮಾಲ ಹೋಗಿ ನೋಡಿದರೆ ಚೀಲ ಹರಿದಿರುತ್ತದೆ. ಕೂಗುವವನು ಹಮಾಲ, ಆದರೆ ತಪ್ಪು ಅವನದಲ್ಲ. ನೀವು ಬರೆಯದ ಆ ಫೈಲು ಇಲ್ಲಿ ಹಮಾಲ, ಅಷ್ಟೇ.

ಪೈಥಾನ್ ಟ್ರೇಸ್‌ಬ್ಯಾಕನ್ನು ಕೆಳಗಿನಿಂದ ಓದಬೇಕು. ಕೊನೇ ಸಾಲಿನಲ್ಲಿ ಏನಾಯಿತು ಅನ್ನುವುದು ಇರುತ್ತದೆ. ಅದನ್ನು ಓದಿಕೊಂಡು ಒಂದೊಂದೇ ಮೆಟ್ಟಿಲು ಮೇಲೆ ಹತ್ತುತ್ತಾ ಹೋಗಿ, ನಿಮ್ಮ ಸ್ವಂತ ಫೈಲಿನ ಹೆಸರು ಮೊದಲು ಎಲ್ಲಿ ಸಿಗುತ್ತದೋ ಅಲ್ಲಿ ನಿಲ್ಲಿ. ಹುಡುಕಾಟ ಅಲ್ಲಿಂದ ಶುರು.

ನೀವು ಕಳಿಸಿದ ಎರರ್‌ನ ಕೊನೇ ಸಾಲು ಹೀಗಿದೆ: ಯೂನಿಕೋಡ್‌ಡಿಕೋಡ್‌ಎರರ್, 'ಚಾರ್‌ಮ್ಯಾಪ್' ಕೋಡೆಕ್‌ಗೆ 0ಎಕ್ಸ್81 ಎಂಬ ಬೈಟನ್ನು ಓದಲು ಆಗಲಿಲ್ಲ, ಜಾಗ 11. ಬೈಟ್ ಅಂದರೆ ಫೈಲಿನಲ್ಲಿ ಉಳಿಯುವ ಒಂದು ಸಣ್ಣ ಸಂಖ್ಯೆ, ಕೋಡೆಕ್ ಅಂದರೆ ಅಂಥ ಬೈಟ್‌ಗಳನ್ನು ಅಕ್ಷರವಾಗಿ ಬದಲಿಸುವ ಭಾಗ. ಅದರ ಮೇಲೆ ಸಿಪಿ1252.ಪಿವೈ, 23ನೇ ಸಾಲು. ಇದು ಪೈಥಾನ್ ಜೊತೆಗೇ ಬರುವ ಫೈಲು, ಬಿಟ್ಟುಬಿಡಿ. ಅದರ ಮೇಲೆ ನಿಮ್ಮ ತೊಗರಿ.ಪಿವೈ, 5ನೇ ಸಾಲು, ದರ_ಓದು ಎಂಬ ಫಂಕ್ಷನ್ ಒಳಗೆ. ಇನ್ನೂ ಮೇಲೆ ಅದೇ ಫೈಲಿನ 12ನೇ ಸಾಲು, ಆ ಫಂಕ್ಷನ್ ಕರೆದ ಜಾಗ. ಹಾಗಾದರೆ ನಿಲ್ಲಬೇಕಾದದ್ದು 5ರಲ್ಲಿ.

5ನೇ ಸಾಲಿನಲ್ಲಿ ಏನಿದೆ? ಫೈಲಿನ ಒಂದೊಂದೇ ಸಾಲು ತೆಗೆದುಕೊಳ್ಳುವ ಫಾರ್ ಲೂಪ್. ಅದರಲ್ಲಿ ತಪ್ಪೇ ಇಲ್ಲ! ಹೊಸಬರು ಇಲ್ಲೇ ಜಾಸ್ತಿ ಒದ್ದಾಡುವುದು. ಟ್ರೇಸ್‌ಬ್ಯಾಕ್ ತೋರಿಸುವುದು ಕೆಲಸ ನಿಂತ ಜಾಗ, ತಪ್ಪಾದ ಜಾಗ ಅದಕ್ಕಿಂತ ಹಿಂದೆ ಇರಬಹುದು. ನಿಮ್ಮ ತಪ್ಪು ಇರುವುದು 4ನೇ ಸಾಲಿನ ಓಪನ್‌ನಲ್ಲಿ. ಓಪನ್ ಫೈಲನ್ನು ತೆರೆಯುತ್ತದೆ, ಅಕ್ಷರಗಳನ್ನು ಓದುವುದಿಲ್ಲ. ಓದುವ ಕೆಲಸ ಲೂಪ್‌ನಲ್ಲಿ ಶುರುವಾಗುತ್ತದೆ, ಹಾಗಾಗಿ ಎರರ್ ಅಲ್ಲಿ ಬಿತ್ತು.

ಈಗ ಆ 11ನೇ ಜಾಗ ಯಾವುದು ನೋಡೋಣ, ಇದು ಮಜಾ ಇದೆ. ನಿಮ್ಮ ಫೈಲು 'ಕಲಬುರಗಿ' ಎಂದು ಶುರುವಾಗುತ್ತದೆ. ನೋಟ್‌ಪ್ಯಾಡ್ ಅದನ್ನು ಯುಟಿಎಫ್-8 ಎಂಬ ಎನ್‌ಕೋಡಿಂಗ್‌ನಲ್ಲಿ, ಅಂದರೆ ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಒಂದು ಕ್ರಮದಲ್ಲಿ, ಉಳಿಸಿದೆ, ಅದರಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಪ್ರತಿ ಗುರುತಿಗೂ 3 ಬೈಟ್. ಕ, ಲ, ಬ ಸೇರಿ 9 ಬೈಟ್, ಸೊನ್ನೆಯಿಂದ ಎಣಿಸಿದರೆ 0ರಿಂದ 8. ಆಮೇಲೆ ಬಕಾರದ ಕೊಂಬು, 9ರಿಂದ 11. ಆ ಕೊಂಬಿನ ಕೊನೇ ಬೈಟೇ 81, ಎರರ್‌ನಲ್ಲಿ 0ಎಕ್ಸ್81 ಎಂದು ಕಂಡದ್ದು ಇದೇ. ಆದರೆ ಇಂಗ್ಲಿಷ್ ಸೆಟ್ಟಿಂಗ್ ಇರುವ ವಿಂಡೋಸ್‌ನಲ್ಲಿ, ಎನ್‌ಕೋಡಿಂಗ್ ಯಾವುದು ಎಂದು ನೀವು ಹೇಳದಿದ್ದರೆ, ಪೈಥಾನ್ ಸಿಪಿ1252 ಎಂಬ ಹಳೆಯ ಕೋಷ್ಟಕ (ಯಾವ ಬೈಟ್‌ಗೆ ಯಾವ ಅಕ್ಷರ ಎನ್ನುವ ಪಟ್ಟಿ) ಹಿಡಿದು ಓದುತ್ತದೆ. ಆ ಕೋಷ್ಟಕದಲ್ಲಿ 81ರ ಎದುರು ಏನೂ ಇಲ್ಲ, ಖಾಲಿ. ಅಲ್ಲಿಗೆ ನಿಂತಿತು.

ಮೊದಲ ಸಾಲಿನಲ್ಲಿ 'ಬೀದರ್' ಇದ್ದಿದ್ದರೂ ಎರರ್ ಬರುತ್ತಿತ್ತು. ಕೊನೆಯ 'ರ್'ನ ಹಲಂತದಲ್ಲಿ 8ಡಿ ಎಂಬ ಬೈಟ್ ಇದೆ, ಅದೂ ಖಾಲಿ ಮನೆ, ಜಾಗ 14. ಆದರೆ ಫೈಲಿನಲ್ಲಿ ಬರೀ 'ಯಾದಗಿರಿ' ಇದ್ದಿದ್ದರೆ? ಎರರ್ರೇ ಬರುತ್ತಿರಲಿಲ್ಲ! ಅದರ ಎಲ್ಲ ಬೈಟ್‌ಗಳಿಗೂ ಆ ಕೋಷ್ಟಕದಲ್ಲಿ ಏನೋ ಒಂದು ಚಿಹ್ನೆ ಇದೆ, ಹಾಗಾಗಿ ಪೈಥಾನ್ ಸುಮ್ನೆ ಓದಿಕೊಂಡು ಹೋಗಿ ಊರಿನ ಹೆಸರಿನ ಬದಲು ತಲೆಬುಡವಿಲ್ಲದ ಚಿಹ್ನೆಗಳ ಸಾಲು ಕೊಡುತ್ತಿತ್ತು. ಖರೆ ಹೇಳಬೇಕೆಂದರೆ ಎರರ್ ಬಂದದ್ದೇ ನಿಮ್ಮ ಪುಣ್ಯ.

ಇದಕ್ಕೆ ಪರಿಹಾರ ಓಪನ್ ಒಳಗೆ ಎನ್‌ಕೋಡಿಂಗ್ ಯುಟಿಎಫ್-8 ಎಂದು ಸೇರಿಸುವುದು, ಅಷ್ಟೇ. ಪೈಥಾನ್ 3.15ರಿಂದ ಅದೇ ಡಿಫಾಲ್ಟ್ ಆಗಲಿ ಎಂದು ತೀರ್ಮಾನವಾಗಿದೆ, ಆದರೂ ಬರೆದುಬಿಡುವುದು ಒಳ್ಳೆಯದು. ಯಾರಾದರೂ 'ಎರರ್ಸ್ ಇಗ್ನೋರ್ ಹಾಕಿ' (ಓದಲಾಗದ ಬೈಟ್ ಬಿಟ್ಟು ಮುಂದೆ ಹೋಗು) ಅಂದರೆ ಅಥವಾ ಟ್ರೈ-ಎಕ್ಸೆಪ್ಟ್ ಹಾಕಿ ಪಾಸ್ ಬರೆಯಿರಿ (ಎರರ್ ಬಂದರೂ ಏನೂ ಮಾಡಬೇಡ) ಅಂದರೆ ಕೇಳಬೇಡಿ. ಮೊದಲನೆಯದು ಕಲಬುರಗಿಗೂ ಯಾದಗಿರಿಯ ಗತಿ ತರುತ್ತದೆ, ಎರಡನೆಯದು ಬಾಯಿಗೆ ಬಟ್ಟೆ ತುರುಕಿದ ಹಾಗೆ, ಏನಾಯಿತು ಎಂದು ಗೊತ್ತೇ ಆಗುವುದಿಲ್ಲ.

ನಡುವೆ ಒಂದು ಮಾತು. ಈ 'ಕೆಳಗಿನಿಂದ ಓದಿ' ಎನ್ನುವುದು ಪೈಥಾನ್ ಕ್ರಮ, ಎಲ್ಲ ಪ್ರೋಗ್ರಾಮಿಂಗ್ ಭಾಷೆಗಳಿಗೂ ಅಲ್ಲ. ಜಾವಾಸ್ಕ್ರಿಪ್ಟ್‌ನಲ್ಲಿ ಎರರ್ ಮೇಲೆ, ಇತ್ತೀಚಿನ ಕರೆಯೂ ಮೇಲೆ. ಪಿಎಚ್‌ಪಿಯಲ್ಲೂ ಸೊನ್ನೆ ನಂಬರಿನ ಕರೆ ಮೇಲಿರುತ್ತದೆ. ರೂಬಿಯವರು 2017ರ 2.5 ಆವೃತ್ತಿಯಲ್ಲಿ ಪೈಥಾನ್ ಥರ ತಿರುಗಿಸಿ ನೋಡಿ, 2020ರ 3.0ದಲ್ಲಿ ಮತ್ತೆ ಹಳೆಯ ಕ್ರಮಕ್ಕೇ ಬಂದರು. ಇನ್ನು ನಿಮ್ಮ ಹತ್ತಿರ ಪೈಥಾನ್ 3.11 ಅಥವಾ ಅದಕ್ಕಿಂತ ಹೊಸದು ಇದ್ದರೆ, ಸಾಲಿನ ಯಾವ ಭಾಗದಲ್ಲಿ ಕೆಲಸ ನಿಂತಿತು ಎಂದು ಕೆಳಗೆ ಬಾಣದ ತಲೆಯಂಥ ಗುರುತು ಹಾಕಿ ತೋರಿಸುತ್ತದೆ.

ಎನ್‌ಕೋಡಿಂಗ್ ಸರಿಮಾಡಿದ ಮೇಲೆ ನಿಮಗೆ ಇನ್ನೊಂದು ಎರರ್ ಬರುತ್ತದೆ, ಈಗಲೇ ಹೇಳಿಬಿಡುತ್ತೇನೆ. ವ್ಯಾಲ್ಯೂಎರರ್, ಇಂಟ್‌ಗೆ (ಬರಹವನ್ನು ಪೂರ್ಣಾಂಕ ಮಾಡುವ ಫಂಕ್ಷನ್) ಸರಿಹೊಂದದ ಬರಹ, ಮುಂದೆ '7,250'. ಈ ಸಲ ಪಟ್ಟಿಯಲ್ಲಿ ಇರುವುದು ನಿಮ್ಮ ಫೈಲು ಮಾತ್ರ. ಕೊನೇ ಸಾಲಿನಲ್ಲಿ ಉದ್ಧರಣ ಚಿಹ್ನೆಯೊಳಗೆ ಇರುವುದನ್ನು ಕಣ್ಣಿಟ್ಟು ನೋಡಿ, ಇಂಟ್ ಕೈಗೆ ಸಿಕ್ಕಿದ್ದು ಅದೇ. ತಕರಾರು ಆ ಅಲ್ಪವಿರಾಮದ್ದು. ರಿಪ್ಲೇಸ್ ಬಳಸಿ ಅದನ್ನು ತೆಗೆದು ಇಂಟ್‌ಗೆ ಕೊಡಿ. ಕೆಲವು ದರಗಳನ್ನು ೭೨೫೦ ಎಂದು ಕನ್ನಡ ಅಂಕಿಯಲ್ಲಿ ಬರೆದಿದ್ದರೆ ಅವನ್ನು ಮುಟ್ಟಲೇಬೇಡಿ, ಇಂಟ್ ಅವನ್ನು ಹಾಗೇ ಓದಿಕೊಳ್ಳುತ್ತದೆ.