ಪದ ಪರಿಚಯ: ನಿರ್ಮೂಲನೆಯಾಗದ ಇರುವೆಯ ಹತೋಟಿ

ಹೊರಗಿನಿಂದ ಬಂದು ನೆಲೆಯೂರಿದ ಇರುವೆಯನ್ನು ಕೊನೆಯ ರಾಣಿಯವರೆಗೂ ಕೊಂದು ಮುಗಿಸುವುದು ನಿರ್ಮೂಲನೆ. ಅದು ಕೈಗೂಡದು ಎಂದು ಖಚಿತವಾದ ಮೇಲೆ ಮಾಡುವ ಕೆಲಸ ಹತೋಟಿ. ಇರುವೆ ಇದ್ದೇ ಇರುತ್ತದೆ ಎಂದು ಒಪ್ಪಿಕೊಂಡು, ಅದರ ಹಾವಳಿಯನ್ನು ಕಾಡು ತಾಳಿಕೊಳ್ಳಬಲ್ಲ ಮಟ್ಟಕ್ಕೆ ಇಳಿಸಿ ಅಲ್ಲೇ ಹಿಡಿದಿಡುವುದು. ನಿರ್ಮೂಲನೆ ಒಂದು ದಿನ ಮುಗಿಯುತ್ತದೆ, ಹತೋಟಿ ಮುಗಿಯುವುದಿಲ್ಲ. ವರ್ಷವರ್ಷವೂ ಹಣ ಬೇಕು, ಜನ ಬೇಕು.

ಪುಟ್ಟ ಜಾಗವಾದರೆ ನಿರ್ಮೂಲನೆ ಸಾಧ್ಯ. ಪೆಸಿಫಿಕ್ ಸಾಗರದ ಜಾನ್‌ಸ್ಟನ್ ಹವಳದ್ವೀಪದಲ್ಲಿ 2010ರಲ್ಲಿ ಕಾಣಿಸಿಕೊಂಡ ಹಳದಿ ಹುಚ್ಚಿರುವೆ ಪೂರ್ತಿ ಅಳಿಯಿತೆಂದು 2021ರಲ್ಲಿ ಘೋಷಣೆಯಾಯಿತು. ಹಿಂದೂ ಮಹಾಸಾಗರದ ಕ್ರಿಸ್‌ಮಸ್ ದ್ವೀಪದ ಮಾತೇ ಬೇರೆ. ಆಸ್ಟ್ರೇಲಿಯಾಕ್ಕೆ ಸೇರಿದ ಈ ದ್ವೀಪ ಸುಮಾರು 135 ಚದರ ಕಿಲೋಮೀಟರ್ ಇದೆ, ಬಹುಪಾಲು ದಟ್ಟ ಮಳೆಕಾಡು. ಅದೇ ಇರುವೆ 20ನೇ ಶತಮಾನದ ಮೊದಲ ಭಾಗದಲ್ಲೇ ಇಲ್ಲಿಗೆ ಬಂದು, ದಶಕಗಟ್ಟಲೆ ಯಾರ ಗಮನಕ್ಕೂ ಬೀಳದೆ ಇತ್ತು. 1989ರಲ್ಲಿ ಮೊದಲ ಮಹಾಗೂಡು ಕಂಡಿತು. ನೂರಾರು ರಾಣಿಗಳಿರುವ ಲೆಕ್ಕವಿಲ್ಲದಷ್ಟು ಗೂಡುಗಳು ಒಂದರೊಡನೊಂದು ಕಾದಾಡದೆ ಒಂದೇ ಸಂಸಾರದಂತೆ ಹಬ್ಬುವುದನ್ನು ಮಹಾಗೂಡು ಎನ್ನಬಹುದು.

ದ್ವೀಪದ ಕಾಡನ್ನು ರೂಪಿಸಿದ್ದು ಕೆಂಪು ಏಡಿ. ತರಗೆಲೆ, ಬೀಜ, ಎಳೆಸಸಿಗಳನ್ನು ತಿಂದು ನೆಲವನ್ನು ಬಯಲಾಗಿಡುವುದು ಅದೇ. ಇರುವೆ ಚಿಮ್ಮಿಸುವ ಫಾರ್ಮಿಕ್ ಆಮ್ಲಕ್ಕೆ ಏಡಿಯ ಕಣ್ಣು ಹೋಗುತ್ತದೆ, ಆಮೇಲೆ ಜೀವವೇ ಹೋಗುತ್ತದೆ. ಸತ್ತ ಏಡಿಗಳ ಸಂಖ್ಯೆ ಕೋಟಿ ದಾಟಿದೆ ಎಂಬುದು ಅಂದಾಜು. ಏಡಿಯಿಲ್ಲದ ಕಡೆ ಸಸಿಗಳು ಒತ್ತೊತ್ತಾಗಿ ಎದ್ದು ಕಾಡಿನ ಸ್ವರೂಪವೇ ಬದಲಾಯಿತು.

2002ರಲ್ಲಿ ಹೆಲಿಕಾಪ್ಟರ್‌ನಿಂದ ಫಿಪ್ರೊನಿಲ್ ಎಂಬ ಕೀಟನಾಶಕ ಬೆರೆಸಿದ ವಿಷದ ತಿಂಡಿಯನ್ನು ಮಹಾಗೂಡುಗಳ ಮೇಲೆ ಉದುರಿಸಿದರು. ಇರುವೆ ಕುಸಿಯಿತು, ಆದರೆ ಮುಗಿಯಲಿಲ್ಲ. 2009ರಲ್ಲಿ ಮತ್ತೆ ಅದೇ ಕೆಲಸ, 2012ರಲ್ಲಿ ಮತ್ತೊಮ್ಮೆ. ಈ ವಿಷ ಏಡಿಗೂ ವಿಷವೇ. ಹಾಗಾಗಿ ಏಡಿಗಳು ಮೊದಲೇ ಸತ್ತುಹೋದ, ಇರುವೆ ಕಿಕ್ಕಿರಿದ ಜಾಗಗಳಿಗೆ ಮಾತ್ರ ಅದನ್ನು ಹಾಕಬೇಕು. ಎಲ್ಲಿ ಹಾಕಬೇಕೆಂದು ತಿಳಿಯಲು 2001ರಿಂದ ಎರಡು ವರ್ಷಕ್ಕೊಮ್ಮೆ ಇಡೀ ದ್ವೀಪವನ್ನು ನಡೆದು, ಇರುವೆಯ ಜೊತೆಗೆ ಏಡಿಯ ಬಿಲಗಳನ್ನೂ ಎಣಿಸುತ್ತಾರೆ. ಹತೋಟಿಯ ಜೀವಾಳ ಈ ಎಣಿಕೆಯಲ್ಲೇ ಇದೆ ಎಂದು ನನ್ನ ನಂಬಿಕೆ. ಎಷ್ಟು ಇರುವೆ ಸತ್ತಿತು ಎಂಬುದಕ್ಕಿಂತ ಎಷ್ಟು ಏಡಿ ಉಳಿಯಿತು ಎಂಬುದೇ ಇಲ್ಲಿ ಮುಖ್ಯ.

ಮುಂದಿನ ಹೆಜ್ಜೆ ಇನ್ನೂ ಜಾಣತನದ್ದು: ಇರುವೆಯನ್ನು ಬಿಟ್ಟು ಅದರ ಊಟಕ್ಕೆ ಕೈಹಾಕುವುದು. ಮಹಾಗೂಡುಗಳು ಬದುಕಿದ್ದು ಮರದ ರಸ ಹೀರುವ ಶಲ್ಕ ಕೀಟಗಳು ಸ್ರವಿಸುವ ಸಿಹಿ ಅಂಟಿನ ಮೇಲೆ. ಅವುಗಳಲ್ಲಿ ಮುಖ್ಯವಾದದ್ದು ಹಳದಿ ಅರಗಿನ ಹುಳು, ನಮ್ಮ ಅರಗಿನ ಹುಳುವಿನ ಕುಟುಂಬದ್ದೇ. ಅದು ಕೂಡ ದ್ವೀಪಕ್ಕೆ ಹೊರಗಿನದು. ಆಸ್ಟ್ರೇಲಿಯಾದ ಲಾ ಟ್ರೋಬ್ ವಿಶ್ವವಿದ್ಯಾಲಯದ ಸಂಶೋಧಕರು ಮಲೇಷ್ಯಾದಲ್ಲಿ ಈ ಹುಳುವಿನ ಶತ್ರುವಾದ ಕಿರುಕಣಜವನ್ನು ಗುರುತಿಸಿ, ಅದು ಬೇರೆ ಕೀಟಗಳಿಗೆ ತೊಂದರೆ ಕೊಡುತ್ತದೆಯೇ ಎಂದು ಪರೀಕ್ಷಿಸಿದರು. 2016ರ ಡಿಸೆಂಬರ್‌ನಲ್ಲಿ ದ್ವೀಪದಲ್ಲಿ ಅದರ ಬಿಡುಗಡೆಯಾಯಿತು. ಸುಮಾರು ಎರಡು ಮಿಲಿಮೀಟರ್ ಉದ್ದದ ಈ ಕಣಜ ಅರಗಿನ ಹುಳುವಿನೊಳಗೆ ಮೊಟ್ಟೆಯಿಡುತ್ತದೆ, ಮರಿ ಅದನ್ನು ಒಳಗಿನಿಂದ ತಿನ್ನುತ್ತದೆ. ಮನುಷ್ಯರಿಗೆ ಅದರಿಂದ ಅಪಾಯವಿಲ್ಲ.

ಪಪ್ಪಾಯಿ ಬೆಳೆಗಾರರಿಗೆ ಈ ಉಪಾಯ ಹೊಸದಲ್ಲ. ಹಿಟ್ಟು ತಿಗಣೆ ಪಪ್ಪಾಯಿ ತೋಟಗಳನ್ನು ಹಾಳುಮಾಡುತ್ತಿದ್ದಾಗ, 2010ರಲ್ಲಿ ಪೋರ್ಟೊ ರಿಕೋದಿಂದ ಆ ತಿಗಣೆಯನ್ನು ಹೀಗೆಯೇ ತಿಂದು ಕೊಲ್ಲುವ ಪರತಂತ್ರ ಕಣಜಗಳನ್ನು ತರಿಸಿ ಬೆಳೆಸಿ ಹಂಚಿದ್ದು ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಸ್ಥೆ. ತಿಗಣೆ ಇಂದಿಗೂ ಇದೆ, ತೋಟವೂ ಇದೆ.